ಮೂರು ಪುಟ ಸುಂಕ, ಅರ್ಧ ಪುಟ ಭೂಮಿ

ಠಾಣೆಯ ಘೋಡಬಂದರ್ ರಸ್ತೆಯಲ್ಲಿ ಮೆಟ್ರೋ ಕೆಲಸ ಶುರುವಾಗುವುದಕ್ಕೆ ಮುಂಚಿನ ಮಾತು. ಅಲ್ಲಿನ ಒಂದು ಟವರಿನ ಹನ್ನೊಂದನೇ ಮಹಡಿಯಲ್ಲಿ, ಕೇಂದ್ರದಲ್ಲಿ ಮಂತ್ರಿಯಾಗಿದ್ದ ನಮ್ಮ ಕರಾವಳಿಯ ಒಬ್ಬ ಧುರೀಣರ ಮಗಳಿದ್ದರು. ಎಪ್ಪತ್ತು ದಾಟಿತ್ತು, ಕಣ್ಣು ಮಂಜಾಗಿತ್ತು. ಮೊಮ್ಮಕ್ಕಳಿಗೆ ಕನ್ನಡ ಕೇಳಿದರೆ ತಿಳಿಯುತ್ತಿತ್ತು, ಓದಲು ಬರುತ್ತಿರಲಿಲ್ಲ. ತಮ್ಮ ಅಪ್ಪ ದಿಲ್ಲಿಯಿಂದ ಅಮ್ಮನಿಗೆ ಬರೆದ ಕಾಗದಗಳನ್ನು ಅಪ್ಪನ ಶತಮಾನೋತ್ಸವಕ್ಕೆ ಪುಸ್ತಕ ಮಾಡಿಸಬೇಕೆಂದು ಅವರ ಆಸೆ. ಕನ್ನಡ ಟೈಪಿಂಗ್ ಬರುತ್ತದೆಂಬ ಒಂದೇ ಅರ್ಹತೆಯ ಮೇಲೆ ನಾನು ಸಿಕ್ಕಿಬಿದ್ದೆ. ಪ್ರತಿ ಭಾನುವಾರ ಡೊಂಬಿವಲಿಯಿಂದ ಠಾಣೆಗೆ ಲೋಕಲ್, ಅಲ್ಲಿಂದ ಬಸ್ಸು.

ನಾನು ಓದುವುದು, ಅವರು ಕೇಳುವುದು, ಆಮೇಲೆ ಟೈಪು. ಗಂಡ ಹೆಂಡತಿಗೆ ಬರೆದದ್ದೆಂದು ಮೊದಲ ವಾರ ಸಂಕೋಚದಿಂದಲೇ ಬಿಡಿಸಿದ್ದೆ. ಆ ಸಂಕೋಚ ದಂಡ. ಆಫ್ರಿಕದಿಂದ ಬರುವ ಗೇರುಬೀಜದ ಮೇಲೆ ಸುಂಕ ಎಷ್ಟಿರಬೇಕು, ವಿರೋಧ ಪಕ್ಷದವರು ಏನೆಂದರು, ತಾನೇನು ಉತ್ತರ ಕೊಟ್ಟೆ ಎಂದು ಪುಟಗಟ್ಟಲೆ. ಕೊನೆಗೆ ‘ಮಕ್ಕಳು ಕ್ಷೇಮವೇ’ ಎಂದು ಅರ್ಧ ಸಾಲು. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡ ಹಾಗೆ ಎಂಬ ಗಾದೆ ಆ ತಾಯಿಗೆ ಬಾಳೇ ಆಗಿತ್ತು. ಆದರೂ ಒಂದನ್ನೂ ಬಿಡದೆ ಜೋಪಾನ ಮಾಡಿದ್ದರು.

ಮಗಳಿಗೆ ಬೇಕಾಗಿದ್ದದ್ದು ಒಂದೇ ಕಾಗದ.

"ಭೂಮಿ ಕಾನೂನು ಬಂದಾಗ ಅಪ್ಪನೇ ಒಕ್ಕಲುಗಳನ್ನು ಕರೆಸಿ, ಡಿಕ್ಲರೇಶನ್ ಹಾಕಿ ಅಂತ ಹೇಳಿದ್ರಂತೆ. ಅವರ ಕೈಬರಹದಲ್ಲಿ ಅದು ಎಲ್ಲಾದ್ರೂ ಉಂಟಾ ನೋಡಿ ಮಾರಾಯ್ರೆ. ಅದು ಮೊದಲ ಪುಟಕ್ಕೆ."

ಈ ಗದ್ದೆಯನ್ನು ಗೇಣಿಗೆ ಉಳುವವನು ನಾನು ಎಂದು ಒಕ್ಕಲು ವಾಯಿದೆಯೊಳಗೆ ಸರ್ಕಾರಕ್ಕೆ ಅರ್ಜಿ ಕೊಟ್ಟರೆ ಗದ್ದೆ ಅವನದಾಗುತ್ತಿತ್ತು. ಆ ಅರ್ಜಿಯೇ ಡಿಕ್ಲರೇಶನ್. ನನ್ನ ಅಜ್ಜ ಹಾಕಲಿಲ್ಲ. ಉಂಡ ಮನೆಯ ಮೇಲೆ ಅರ್ಜಿ ಹಾಕುವುದು ಹೇಗೆ ಎಂಬ ಮುಲಾಜು. ಧಣಿ ತೀರಿಕೊಂಡ ಮೇಲೆ ಅವರ ಮಕ್ಕಳು ಗದ್ದೆ ಬಿಡಿಸಿಕೊಂಡರು. ನನ್ನ ಅಪ್ಪ ಠಾಣೆಯ ನೌಪಾಡಾದ ಹೋಟೆಲೊಂದರ ಗಲ್ಲಾಪೆಟ್ಟಿಗೆಯ ಮುಂದೆ ಬಂದು ಕೂತರು. ಅಜ್ಜನ ದಡ್ಡತನದ ಬಗ್ಗೆ ಮನೆಯಲ್ಲಿ ನಾನು ಆಡದ ಮಾತಿಲ್ಲ.

ಮಳೆಗಾಲ ಮುಗಿಯುವ ಹೊತ್ತಿಗೆ ಕಾಗದ ಸಿಕ್ಕಿತು. ಮೂರು ಪುಟ ಸುಂಕ. ನಾಲ್ಕನೆಯದರಲ್ಲಿ ಅರ್ಧ ಪುಟ ಭೂಮಿ. ನಾಳೆ ಸಭೆಯಲ್ಲಿ ಒಕ್ಕಲುಗಳ ಪರವಾಗಿ ಮಾತಾಡಲಿದ್ದೇನೆ ಎಂದು ಒಂದು ಸಾಲು. ಅದರ ಕೆಳಗೆ: ನಮ್ಮ ಹೊಳೆಬದಿಯ ಗದ್ದೆಯ ಒಕ್ಕಲು ಇನ್ನೂ ಡಿಕ್ಲರೇಶನ್ ಹಾಕಿಲ್ಲವೆಂದು ಬರೆದಿದ್ದೀ. ಅವನಾಗಿ ಕೇಳದೆ ಯಾರೂ ಏನೂ ಹೇಳುವುದು ಬೇಡ. ವಾಯಿದೆಗೆ ಇನ್ನು ಸ್ವಲ್ಪವೇ ದಿನ.

ಆ ಒಕ್ಕಲು ನನ್ನ ಅಜ್ಜನಲ್ಲ, ಊರೂ ಬೇರೆ. ಆದರೂ ಮೈ ಉರಿದುಹೋಯಿತು. ಗಟ್ಟಿಯಾಗಿ ಓದಿ ಎದ್ದು ಹೋಗೋಣ ಎನಿಸಿತು.

"ಎಂತ, ಸುಮ್ಮನಾದ್ರಿ? ಭೂಮಿಯದ್ದು ಎಂತಾದ್ರೂ ಉಂಟಾ?"

ಅವರು ನೀರುದೋಸೆಯ ತಟ್ಟೆ ತಂದಿಡುತ್ತಿದ್ದರು. ನನಗಿಷ್ಟ ಎಂದು ಎಂದೋ ಬಾಯಿತಪ್ಪಿ ಹೇಳಿದ್ದೆ. ಅಂದಿನಿಂದ ಪ್ರತಿ ಭಾನುವಾರ, ಕಣ್ಣು ಸರಿಯಾಗಿ ಕಾಣದಿದ್ದರೂ, ಅಂದಾಜಿನ ಮೇಲೆ ತಾವೇ ಎರೆಯುತ್ತಿದ್ದರು. ಬೆರಳ ತುದಿಯಲ್ಲಿ ಸುಟ್ಟ ಕಲೆಗಳಿದ್ದವು.

"ಇದೂ ಸುಂಕದ್ದೇ ಅಮ್ಮ" ಎಂದೆ.

ಮೂರು ಪುಟ ಟೈಪು ಮಾಡಿದೆ. ನಾಲ್ಕನೆಯದನ್ನು ಮಡಚಿ ಲಕೋಟೆಯಲ್ಲೇ ಬಿಟ್ಟೆ.

ಪುಸ್ತಕ ಬಂತು. ಒಕ್ಕಲುಗಳನ್ನು ಕರೆಸಿ ಡಿಕ್ಲರೇಶನ್ ಹಾಕಿಸಿದ ಮಹಾನುಭಾವರು ಎಂದು ಯಾರೋ ಮುನ್ನುಡಿ ಬರೆದಿದ್ದರು. ಕೃತಜ್ಞತೆಯ ಪಟ್ಟಿಯಲ್ಲಿ ನಾನೂ ಇದ್ದೆ. ನನ್ನ ಅಪ್ಪ ಅದನ್ನು ಎರಡು ದಿನ ಕೂತು ಓದಿದರು. ಮುಗಿಸಿದ ಮೇಲೆ ನಾಲ್ಕನೇ ಪುಟದ ವಿಷಯ ಹೇಳಿದೆ. ಬೈಯುತ್ತಾರೆಂದುಕೊಂಡಿದ್ದೆ.

ಅಪ್ಪ ಕನ್ನಡಕ ತೆಗೆದಿಟ್ಟು, ತುಳುವಿನಲ್ಲಿ ಕೇಳಿದರು: "ಆ ಮನೆಯಲ್ಲಿ ಎಷ್ಟು ಸಲ ಉಂಡಿದ್ದೀ?"

"ಪ್ರತಿ ಭಾನುವಾರ."

"ಹಾಗಾದರೆ ಇನ್ನು ಮೇಲೆ ನನ್ನ ಅಪ್ಪನನ್ನು ಬೈಯಬೇಡ."