ಹೊಗೆಯಿಲ್ಲದ ಜಾಗ

ಆ ಜಾಗಕ್ಕೆ ನಾವು ಹೋದದ್ದೇ ಅಲ್ಲಿ ಬೆಂಕಿ ಹಚ್ಚುವಂತಿಲ್ಲ ಎಂಬ ಕಾರಣಕ್ಕೆ.

ಕೂಡ್ಲಿಗಿ ದಾಟಿದ ಮೇಲೆ ಕುರುಚಲು ಕಾಡು ಶುರುವಾಗುವಲ್ಲಿ ಒಬ್ಬರು ತಮ್ಮ ಹೊಲದ ಅಂಚಿಗೆ ಡೇರೆಗಳನ್ನು ಹಾಕಿ ಬಾಡಿಗೆಗೆ ಕೊಡುತ್ತಿದ್ದರು. ಚಳಿಗಾಲದಲ್ಲಿ ಡೇರೆಗಳ ನಡುವೆ ಕಟ್ಟಿಗೆ ಒಟ್ಟಿ ಉರಿ ಹಾಕುತ್ತಾರೆ, ಬಂದವರು ಸುತ್ತ ಕೂತು ಹಾಡುತ್ತಾರೆ. ಬೇಸಿಗೆಯಲ್ಲಿ ಹುಲ್ಲು ಒಣಗಿದ ಮೇಲೆ ಅದೆಲ್ಲ ಬಂದ್. ನಾನು ಫೋನ್ ಮಾಡಿದಾಗ ಜಾಗದವರು ಸಂಕೋಚದಿಂದಲೇ ಹೇಳಿದರು.

“ಈಗ ಬಂದ್ರ ಮಜಾ ಬರಂಗಿಲ್ರಿ. ಬೆಂಕಿ ಹಚ್ಚಾಕ ಬಿಡಂಗಿಲ್ಲ. ಒಲಿನೂ ಇಲ್ಲ, ಬೀಡಿನೂ ಇಲ್ಲ.”

ನನಗೆ ಬೇಕಾಗಿದ್ದದ್ದು ಅದೇ ಎಂದೆ. ಅವರಿಗೆ ಅರ್ಥವಾಗಲಿಲ್ಲ.

ನನ್ನ ಹೆಂಡತಿಗೆ ಉಬ್ಬಸ. ಮೊದಲು ಚಳಿಗಾಲದಲ್ಲಿ ಬಂದು ಹೋಗುತ್ತಿತ್ತು. ಹೋದ ವರ್ಷ ಬಂದದ್ದು ಹೋಗಲೇ ಇಲ್ಲ. ಹಗರಿಬೊಮ್ಮನಹಳ್ಳಿಯಲ್ಲಿ ನಮ್ಮದು ಬೀಜ, ಗೊಬ್ಬರದ ಅಂಗಡಿ. ಅಂಗಡಿಯ ಹಿಂದೆಯೇ ಮನೆ. ಬೆಳಗ್ಗೆ ಎದುರಿನ ಹೋಟೆಲಿನ ಒಲೆ, ಸಂಜೆ ಮಿರ್ಚಿ ಬಂಡಿಯ ಎಣ್ಣೆ, ನಡುವೆ ಯಾರಾದರೂ ಸುಡುವ ಕಸ. ಹೊಗೆ ಬಂತೆಂಬುದು ನಮ್ಮ ಮೂಗಿಗಿಂತ ಮೊದಲು ಅವಳ ಎದೆಗೆ ತಿಳಿಯುತ್ತಿತ್ತು. ಕಿಟಕಿ ಮುಚ್ಚಿದ ಕೋಣೆಯಲ್ಲಿ ತಿಂಗಳುಗಟ್ಟಲೆ ಕಳೆದಳು. ಡಾಕ್ಟರು ಹೇಳಿದ್ದು ಒಂದೇ ಮಾತು: ಹೊಗೆಯಿಂದ ದೂರ ಇಡಿ, ಇನ್ನೊಮ್ಮೆ ಇಷ್ಟು ಏರಿದರೆ ಇಳಿಸುವುದು ಕಷ್ಟ.

ಸ್ವಲ್ಪ ಸುಧಾರಿಸಿದ ಮೇಲೆ ಅವಳು ಕೇಳಿದ್ದೂ ಒಂದೇ. ತವರುಮನೆ ಮಾಗಳದಲ್ಲಿ ಚಿಕ್ಕವಳಿದ್ದಾಗ ಮಾಳಿಗೆಯ ಮೇಲೆ ಮಲಗುತ್ತಿದ್ದ ಹಾಗೆ ಒಂದು ರಾತ್ರಿ ಬಯಲಲ್ಲಿ ಮಲಗಬೇಕು. ಊರಿನ ಮಾಳಿಗೆ ಆಗುವುದಿಲ್ಲ, ಸುತ್ತಲೂ ಒಲೆಗಳಿವೆ. ಹಾಗಾಗಿ ಈ ಡೇರೆ. ಮಗಳನ್ನು ನೋಡಿಕೊಳ್ಳಲು ಮಾಗಳದಿಂದ ಬಂದು ನಮ್ಮಲ್ಲೇ ಇದ್ದ ಅತ್ತೆಯವರೂ ಹೊರಟರು.

ಕೊಟ್ಟೂರು ದಾಟಿ ಕೂಡ್ಲಿಗಿ ಮೇಲೆ ನಾವು ಅಲ್ಲಿ ಮುಟ್ಟಿದಾಗ ಬಿಸಿಲು ಇಳಿಯುತ್ತಿತ್ತು. ಗೇಟಿನಲ್ಲಿ ಕಾವಲಿನವನು ಕಾರು ನಿಲ್ಲಿಸಿದ. ನಡುವಯಸ್ಸಿನ ಮನುಷ್ಯ, ಹಣೆಯ ಮೇಲೆ ವಿಭೂತಿ.

“ಒಳಗ ಬೆಂಕಿ ಹಚ್ಚಬ್ಯಾಡ್ರಿ. ಕಡ್ಡಿಪೆಟ್ಟಿಗಿ, ಲೈಟರು, ಸ್ಟೋ, ಏನಾರ ಅದಾವೇನ್ರಿ?”

“ನನಗ ಹೊಗಿ ಅಂದ್ರ ಆಗಂಗಿಲ್ಲಣ್ಣ. ನಾವ್ಯಾಕ ತರೋಣು?” ಎಂದಳು ನನ್ನ ಹೆಂಡತಿ.

ಆದರೂ ಅವನು ಎಲ್ಲ ಚೀಲ ಬಿಚ್ಚಿಸಿ ನೋಡಿದ. ರೊಟ್ಟಿಯ ಗಂಟನ್ನೂ ಮುಟ್ಟಿ ನೋಡಿದ. ಕೊನೆಗೆ ಅತ್ತೆಯವರ ಹೆಗಲಿಗಿದ್ದ ಕಾವಿ ಬಟ್ಟೆಯ ಚೀಲದ ಕಡೆ ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡ.

“ಇದು ಪೂಜಿ ಚೀಲೇನಬೇ?”

“ಹೂನಪ್ಪ. ಲಿಂಗಪೂಜಿದು.”

ಅವನು ಬೆರಳ ತುದಿಯನ್ನು ಚೀಲಕ್ಕೆ ಮುಟ್ಟಿಸಿ ಕಣ್ಣಿಗೆ ಒತ್ತಿಕೊಂಡು ಗೇಟು ತೆಗೆದ. ಇದನ್ನು ನಾನು ನೋಡುತ್ತಿದ್ದೆ. ನನಗೂ ಏನೂ ಅನ್ನಿಸಲಿಲ್ಲ. ಆ ಚೀಲವನ್ನು ನಮ್ಮ ಮನೆಯಲ್ಲಿ ಯಾರೂ ಸಾಮಾನಿನ ಲೆಕ್ಕದಲ್ಲಿ ಇಟ್ಟಿದ್ದಿಲ್ಲ. ಬಸ್ಸಿನಲ್ಲಿ ಅದನ್ನು ಕಾಲ ಬಳಿ ಇಡುವುದಿಲ್ಲ, ಯಾರೂ ಬಿಚ್ಚುವುದಿಲ್ಲ, ಒಳಗೇನಿದೆ ಎಂದು ಕೇಳುವುದಿಲ್ಲ.

ಅಂದು ಬೇರೆ ಯಾರೂ ಬಂದಿರಲಿಲ್ಲ. ನಮ್ಮ ಡೇರೆಯ ಮುಂದೆ, ಮೂಡಣಕ್ಕೆ, ಮೊಣಕಾಲೆತ್ತರದ ಒಣ ಹುಲ್ಲಿನ ಇಳಿಜಾರು. ಅದರಾಚೆ ಆನೆಯ ಬೆನ್ನಿನಂಥ ಒಂದು ದೊಡ್ಡ ಹಾಸುಬಂಡೆ. ಬಂಡೆಯ ಹಿಂದೆ ಉತ್ತು ಬಿಟ್ಟ ಹೊಲ. ಗಾಳಿ ಪಡುವಣದಿಂದ, ನಮ್ಮ ಬೆನ್ನ ಹಿಂದಿನಿಂದ ಬೀಸುತ್ತಿತ್ತು. ಇವನ್ನೆಲ್ಲ ನಾನು ಆಗ ಗಮನಿಸಿರಲಿಲ್ಲ. ಆಮೇಲೆ ಎಷ್ಟೋ ಸಲ ಕಣ್ಣು ಮುಚ್ಚಿ ನೋಡಿದ್ದರಿಂದ ಗೊತ್ತು.

ಚಾಪೆ ಹಾಸಿ ತಣ್ಣನೆಯ ಊಟಕ್ಕೆ ಕೂತೆವು. ಸಂಜೆಯ ಪೂಜೆಯಾಗದೆ ಉಣ್ಣದ ಅತ್ತೆ ನಮಗೆ ಬಡಿಸುತ್ತಿದ್ದರು. ಖಡಕ್ ರೊಟ್ಟಿ, ಗುರೆಳ್ಳು ಚಟ್ನಿ, ಗಟ್ಟಿ ಮೊಸರು, ಸೌತೆಕಾಯಿ, ಮನೆಯಲ್ಲೇ ಒಗ್ಗರಣೆ ಹಾಕಿ ತಂದ ಮಂಡಕ್ಕಿ, ಥರ್ಮಾಸಿನಲ್ಲಿ ಚಹಾ. ನನ್ನ ಹೆಂಡತಿ ರೊಟ್ಟಿ ಮುರಿಯುತ್ತ ನಕ್ಕಳು.

“ಒಲಿ ಇಲ್ಲ, ಬಿಸಿ ಇಲ್ಲ. ಮನ್ಯಾಗ ಹಿಂಗ ಬಡಿಸಿದ್ರ ಸಿಟ್ಟಾಗ್ತಿದ್ರಿ. ಇಲ್ಲಿ ರೊಕ್ಕ ಕೊಟ್ಟು ಉಣ್ಣಾಕ ಹತ್ತೀರಿ.”

“ಅಳಿಯಂದ್ರಿಗೆ ಏನೂ ಅನಬ್ಯಾಡವ್ವ,” ಎಂದರು ಅತ್ತೆ. “ರೊಟ್ಟಿ ಎಣಿಸಿದ್ರ ತಿಳಿತೈತಿ, ಅವ್ರಿಗೆ ತಣ್ಣಂದ ರುಚಿ ಹತ್ತೈತಿ.”

“ಅತ್ತಿಯವರ, ನೀವು ಎಣಿಸಾಕ ಹತ್ತೀರಿ ಅಂತ ಗೊತ್ತಿದ್ರ ಇನ್ನೊಂದು ಬಿಡ್ತಿದ್ದೆ,” ಎಂದೆ.

ಅವಳು ನಕ್ಕಳು. ನಗು ಕೆಮ್ಮಾಗಲಿಲ್ಲ. ಅದನ್ನು ನಾವಿಬ್ಬರೂ ಒಟ್ಟಿಗೇ ಗಮನಿಸಿದೆವು, ನಾನು ಮತ್ತು ಅತ್ತೆ. ಒಬ್ಬರ ಮುಖ ಒಬ್ಬರು ನೋಡಿದೆವು. ಒಂದು ವರ್ಷದಲ್ಲಿ ಅವಳ ನಗು ನಗುವಾಗಿಯೇ ಮುಗಿದದ್ದು ಅದೇ ಮೊದಲು.

ಊಟವಾದ ಮೇಲೆ ಅವಳು ಎದ್ದು ನಿಂತಳು. ಬಂಡೆಯ ಮೇಲೆ ಕೂತು ಹೊತ್ತು ಮುಳುಗುವುದನ್ನು ನೋಡುತ್ತೇನೆ ಎಂದಳು. ನಾನು ಅವಳ ಪಂಪನ್ನು, ಎದೆ ಕಟ್ಟಿದಾಗ ಬಾಯಿಗಿಟ್ಟು ಎಳೆದುಕೊಳ್ಳುವ ಔಷಧವನ್ನು, ಚಾಚಿದೆ.

“ಇಲ್ಲೇ ಅದೀರಲ್ರಿ. ಕೈ ಬೀಸಿಕೊಂಡು ನಡದು ಎಷ್ಟು ದಿನಾತು ನನಗ,” ಎಂದಳು.

ಹುಲ್ಲಿನ ನಡುವಿನ ಕಾಲುದಾರಿಯಲ್ಲಿ ನಿಧಾನವಾಗಿ ನಡೆದಳು. ಎರಡು ಕಡೆ ನಿಂತು ಉಸಿರು ನೋಡಿಕೊಂಡಳು. ಬಂಡೆ ಹತ್ತಿ ನಮ್ಮ ಕಡೆ ತಿರುಗಿ ಕೂತು ಕೈಯೆತ್ತಿದಳು. ಪಂಪು ನನ್ನ ಅಂಗಿಯ ಜೇಬಿನಲ್ಲಿತ್ತು.

ಅಷ್ಟು ಹೊತ್ತಿಗೆ ಅತ್ತೆ ಕೈಕಾಲು ತೊಳೆದು ಡೇರೆಯ ಪಕ್ಕಕ್ಕೆ ಹೋಗಿದ್ದರು. ಸಂಜೆಯ ಪೂಜೆಗೆ ಹೋಗಿದ್ದಾರೆಂದು ಗೊತ್ತಿತ್ತು. ನಾನು ಆ ಕಡೆ ನೋಡಲಿಲ್ಲ. ಅವರು ಚಪ್ಪಟೆ ಕಲ್ಲೊಂದರ ಮೇಲೆ ಮುತ್ತುಗದ ಒಣ ಎಲೆ ಹಾಕಿ, ಅದರ ಮೇಲೆ ಹಣತೆ ಇಟ್ಟು, ದೀಪ ಹಚ್ಚಿ ಪೂಜೆ ಮಾಡಿದ್ದು ನನಗೆ ತಿಳಿದದ್ದು ತಡವಾಗಿ. ಮಗಳ ಉಸಿರಿಗಾಗಿ ಅವರು ವರ್ಷದಿಂದ ಒಂದು ಸಂಜೆಯೂ ತಪ್ಪಿಸಿರಲಿಲ್ಲ. ಆಮೇಲೆ ದೀಪವನ್ನು ಹಾಗೇ ಬಿಟ್ಟು ಬಂದು ಚಾಪೆಯ ಮೇಲೆ ಕೂತರು. ನಮ್ಮಲ್ಲಿ ದೀಪವನ್ನು ಬಾಯಿಂದ ಊದುವುದಿಲ್ಲ. ‘ಆರಿಸು’ ಎನ್ನುವುದೂ ಇಲ್ಲ, ‘ಶಾಂತ ಮಾಡು’ ಎನ್ನುತ್ತೇವೆ. ಎಣ್ಣೆ ತೀರಿ ತಾನಾಗಿ ಶಾಂತವಾಗಬೇಕು. ಅತ್ತೆಯಂತೂ ಮನೆಯ ಬಲ್ಬಿಗೂ ಹಾಗೇ ಹೇಳುತ್ತಿದ್ದರು: “ಲೈಟ್ ಶಾಂತ ಮಾಡ್ಲೇನವ್ವ?” ಎಂದು ರಾತ್ರಿ ಮಗಳ ಕೋಣೆಯ ಬಾಗಿಲಲ್ಲಿ ನಿಂತು ಕೇಳುತ್ತಿದ್ದರು.

ಮೊದಲು ಸದ್ದು ಕೇಳಿತು. ಬಾಣಲೆಯಲ್ಲಿ ಮಂಡಕ್ಕಿ ಅರಳುವಾಗಿನ ಚಿಟಪಟ ಸದ್ದು. ಯಾರೂ ಇಲ್ಲದ ಕಡೆ ಆ ಸದ್ದೇಕೆ ಎಂದು ನಾನು ತಿರುಗಿದೆ. ಡೇರೆಯ ಪಕ್ಕ ಹುಲ್ಲಿನ ಬುಡದಲ್ಲಿ ಒಂದು ಕೆಂಪು ಗೆರೆ ಕಂಡಿತು. ಜ್ವಾಲೆ ಇನ್ನೂ ಎದ್ದಿರಲಿಲ್ಲ. ಎದ್ದು ಎರಡು ಹೆಜ್ಜೆ ಇಡುವಷ್ಟರಲ್ಲಿ ಗಾಳಿ ಅದನ್ನು ಎತ್ತಿಕೊಂಡಿತು. ಗೆರೆ ಅಗಲವಾಗಿ ಇಳಿಜಾರಿನಲ್ಲಿ ಬಂಡೆಯ ಕಡೆಗೆ ಹೊರಟಿತು.

ನೀರಿನ ಕ್ಯಾನು ಎಳೆದು ತಂದು ಸುರಿದೆ. ಸುರಿದಲ್ಲಿ ಆರಿತು, ಪಕ್ಕದಲ್ಲಿ ಹೊತ್ತಿತು. ಚಾಪೆಯಿಂದ ಬಡಿದೆ; ಚಾಪೆಯ ಅಂಚು ಹೊತ್ತಿತು. ಅತ್ತೆ ಬರಿಗಾಲಿನಲ್ಲಿ ಓಡಿ ಬಂದು ಸೆರಗಿನಿಂದ ಹುಲ್ಲನ್ನು ಹೊಡೆಯತೊಡಗಿದರು. ಹೊಡೆಯುತ್ತ ಬೆಂಕಿಗೇ ಹೇಳುತ್ತಿದ್ದರು. “ಶಾಂತ ಆಗಪ್ಪಾ. ಶಾಂತ ಆಗು. ನನ್ನ ಕೂಸು ಅದಾಳ ಅಲ್ಲಿ.”

ಹೊಗೆ ಎದ್ದದ್ದು ಆಗ. ಬಿಳಿಯ, ದಪ್ಪನೆಯ, ನೆಲಕ್ಕೆ ಅಂಟಿಕೊಂಡು ಹೋಗುವ ಹೊಗೆ. ಅವಳು ಬಂಡೆಯ ಮೇಲೆ ಎದ್ದು ನಿಂತದ್ದು ಕಂಡಿತು. ಇಳಿದು ನಮ್ಮ ಕಡೆಗೇ ಬರಲು ನೋಡಿದಳು.

“ಇಳೀಬ್ಯಾಡ, ಅಲ್ಲೇ ಇರು,” ಎಂದು ಕೂಗಿದೆ. “ಕಲ್ಲು ಸುಡಂಗಿಲ್ಲ. ಮಲಕ್ಕೋ.”

ಕೇಳಿಸಿತೋ ಇಲ್ಲವೋ. ಅವಳು ಎದೆಯ ಮೇಲೆ ಕೈಯಿಟ್ಟುಕೊಂಡಳು. ನಾನು ನೋಡಿದ್ದು ಅಷ್ಟು. ಆಮೇಲೆ ಬಂಡೆಯೇ ಕಾಣಲಿಲ್ಲ.

ಕಾವಲಿನವನು ಗೇಟಿನ ಕಡೆಯಿಂದ ಓಡುತ್ತ ಬಂದ. ದಾರಿಯಲ್ಲೇ ಬಂದರಿಕೆ ಗಿಡದ ಹಸಿ ಕೊಂಬೆಗಳನ್ನು ಮುರಿದುಕೊಂಡಿದ್ದ. ಒಂದನ್ನು ನನ್ನ ಕೈಗೆ ತುರುಕಿದ.

“ಅವಳ ಪಂಪ್ ನನ್ನ ಕಡೆ ಐತಿ,” ಎಂದೆ. “ಪಂಪ್ ನನ್ನ ಕಡೆ ಐತಪ್ಪ.”

ಅವನು ನನ್ನ ಜೇಬನ್ನೂ ಹೊಗೆಯನ್ನೂ ನೋಡಿದ. “ನಡುವ ಹೋಗಾಕ ಆಗಂಗಿಲ್ರಿ. ಹೊಲದಾಗ ಸುತ್ತು ಹಾಕಿ ಹಿಂದಿಂದ ಹತ್ತೋಣು. ಬರ್ರಿ.”

ತೆಂಕಣಕ್ಕೆ ಓಡಿದೆವು. ಒಂದು ಕಡೆ ಬೆಂಕಿಯ ತುದಿ ನಮಗಿಂತ ಮುಂದೆ ಹೋಗಿತ್ತು. ಅಲ್ಲಿ ಅವನು ಸೊಪ್ಪಿನಿಂದ ನೆಲಕ್ಕೆ ಒತ್ತಿ ಒತ್ತಿ ಬಡಿದು ಕರಿ ದಾರಿ ಮಾಡಿದ, ನಾನು ಅದರ ಮೇಲೆ ದಾಟಿದೆ. ಆಮೇಲೆ ಉತ್ತ ಹೊಲ. ಹೆಂಟೆಗಳ ಮೇಲೆ ಕಾಲು ನಿಲ್ಲುತ್ತಿರಲಿಲ್ಲ. ಓಡುವಾಗ ಒಂದು ಕೈಯಿಂದ ಜೇಬನ್ನು ಹಿಡಿದುಕೊಂಡೇ ಇದ್ದೆ. ಅದು ಬಿದ್ದುಹೋದರೆ ಎಂಬುದನ್ನು ಬಿಟ್ಟರೆ ತಲೆಯಲ್ಲಿ ಇನ್ನೇನೂ ಇರಲಿಲ್ಲ.

ಬಂಡೆಯ ಹಿಂಭಾಗ ನುಣುಪು. ಅವನು ಬಗ್ಗಿ ಬೆನ್ನು ಕೊಟ್ಟ. ಅವನ ಹೆಗಲ ಮೇಲೆ ಕಾಲಿಟ್ಟು ಹತ್ತಿದೆ.

ಅವಳು ಬಂಡೆಯ ಒಂದು ಸೀಳಿನಲ್ಲಿ ಬೋರಲಾಗಿ ಬಿದ್ದಿದ್ದಳು. ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು. ತಿರುಗಿಸಿದೆ. ತುಟಿ ನೇರಳೆಯಾಗಿತ್ತು. ಕಣ್ಣು ನನ್ನನ್ನು ನೋಡುತ್ತಿತ್ತು, ಆದರೆ ಎದೆ ಮೇಲೇಳುತ್ತಿರಲಿಲ್ಲ. ಕೊರಳಿನ ಹಳ್ಳ ಮಾತ್ರ ಒಳಗೆ ಎಳೆದುಕೊಳ್ಳುತ್ತಿತ್ತು. ಪಂಪನ್ನು ಬಾಯಿಗಿಟ್ಟು ಒತ್ತಿದೆ. ಎಳೆದುಕೊಳ್ಳಲು ಅವಳಲ್ಲಿ ಉಸಿರಿರಲಿಲ್ಲ. ಔಷಧ ಬಾಯಿಯಿಂದ ಬಿಳಿಯಾಗಿ ಹೊರಗೇ ಬಂತು. ಮತ್ತೆ ಒತ್ತಿದೆ. “ಎಳಕೋ, ಸಣ್ಣದರ ಎಳಕೋ,” ಎಂದೆ. ಮತ್ತೊಮ್ಮೆ ಒತ್ತಿದಾಗ ಎಲ್ಲೋ ಒಳಗೆ ಒಂದು ಶಿಳ್ಳೆಯಂಥ ಸದ್ದಾಯಿತು. ಅಷ್ಟು ಸಣ್ಣ ದಾರಿಯಲ್ಲಿ ಸ್ವಲ್ಪ ಹೋಯಿತು ಎಂದು ತಿಳಿದೆ.

ಇಬ್ಬರೂ ಸೇರಿ ಅವಳನ್ನು ಹಿಂದಿನಿಂದ ಇಳಿಸಿ ಹೊಲದಲ್ಲೇ ತೆಂಕಣಕ್ಕೆ, ಹೊಗೆಯಿಲ್ಲದ ಕಡೆಗೆ ಹೊತ್ತೊಯ್ದೆವು. ಬೆಂಕಿ ಬಂಡೆಯ ಎರಡೂ ಬದಿಯಲ್ಲಿ ಹರಿದು ಉತ್ತ ಹೊಲದ ಅಂಚಿಗೆ ಬಂದು ನಿಂತಿತು. ಅದಕ್ಕೆ ಮುಂದೆ ತಿನ್ನಲು ಏನೂ ಇರಲಿಲ್ಲ. ಅಕ್ಕಪಕ್ಕದ ಹೊಲದವರು ಸೊಪ್ಪು ಹಿಡಿದು ಬಂದಿದ್ದರು.

ಕಾರಿನ ಹತ್ತಿರ ಅತ್ತೆ ನಿಂತಿದ್ದರು. ಸೀರೆಯ ಸೆರಗು ಸುಟ್ಟು ಕರಿಯಾಗಿತ್ತು. ಅಂಗೈ ಬೊಬ್ಬೆ ಎದ್ದಿತ್ತು. ಕಾವಲಿನವನು ಅವರನ್ನು ಬೈಯುವ ದನಿಯಲ್ಲಿ ಕೇಳಲಿಲ್ಲ. ನಿಜಕ್ಕೂ ತಿಳಿಯದೆ ಕೇಳಿದ.

“ಬೆಂಕಿ ಹಚ್ಚಬ್ಯಾಡ್ರಿ ಅಂತ ಹೇಳಿದ್ದೆನಲ್ಲಬೇ?”

“ನಾನು ಬೆಂಕಿ ಹಚ್ಚಿಲ್ಲಪ್ಪ,” ಎಂದರು ಅತ್ತೆ. “ದೀಪ ಹಚ್ಚೀನಿ.”

ಅವನ ಹಣೆಯ ವಿಭೂತಿ ಬೆವರಿನಲ್ಲಿ ಇಳಿದುಹೋಗಿತ್ತು. ಅತ್ತೆಯ ಹೆಗಲಿಗೆ ಇನ್ನೂ ತೂಗುತ್ತಿದ್ದ ಚೀಲವನ್ನು ಒಮ್ಮೆ ನೋಡಿ, ಕಾರಿನ ಬಾಗಿಲು ತೆಗೆದ.

ಕೂಡ್ಲಿಗಿಯ ಆಸ್ಪತ್ರೆಯವರೆಗೂ ಅವಳ ತಲೆ ಅತ್ತೆಯ ಮಡಿಲಲ್ಲಿತ್ತು. ನಾನು ಕಾರು ಓಡಿಸುತ್ತ ಹಿಂದಿನ ಉಸಿರಿನ ಸದ್ದಿಗೆ ಕಿವಿ ಕೊಟ್ಟಿದ್ದೆ. ಸದ್ದು ನಿಂತಾಗಲೆಲ್ಲ “ಅದಾಳೇನ್ರಿ ಅತ್ತಿ?” ಎಂದು ಕೇಳುತ್ತಿದ್ದೆ. “ಅದಾಳ್ರಿ,” ಎನ್ನುತ್ತಿದ್ದರು. ಒಂದು ಸಲ ಅವರು ಉತ್ತರ ಕೊಡಲು ತಡ ಮಾಡಿದರು. ಆ ತಡದಲ್ಲಿ ರಸ್ತೆ ಹೇಗಿತ್ತು, ಎದುರಿಗೆ ಯಾವ ಗಾಡಿ ಬಂತು, ಒಂದೂ ನನಗೆ ನೆನಪಿಲ್ಲ.

ಅವಳು ಉಳಿದಳು. ಉಳಿದಳು ಎಂದು ಬರೆಯುವಾಗ ನನ್ನ ಕೈ ತಡೆಯುತ್ತದೆ. ಡಾಕ್ಟರು ಹೇಳಿದ್ದ ‘ಇನ್ನೊಮ್ಮೆ’ ಆಗಿಹೋಗಿದೆ. ಈಗ ಮಂಚದ ಪಕ್ಕದಲ್ಲಿ ಆಮ್ಲಜನಕ ಕೊಡುವ ಯಂತ್ರವಿದೆ. ಬಚ್ಚಲಿಗೆ ಹೋಗಿ ಬಂದರೆ ಒಂದು ತಾಸು ಮಾತಾಡಲಾಗುವುದಿಲ್ಲ. ಮುಂದಿನ ಮಳೆಗಾಲದ ಮಾತನ್ನು ಡಾಕ್ಟರು ಆಡುವುದಿಲ್ಲ, ನಾನೂ ಕೇಳುವುದಿಲ್ಲ. ನಗಿಸುವ ಮಾತನ್ನು ನಾನು ಆಡುವುದನ್ನು ಬಿಟ್ಟಿದ್ದೇನೆ.

ಅತ್ತೆಯ ಕೈ ಮಾಯ್ದಿದೆ. ದೀಪ ಹಚ್ಚುವುದಿಲ್ಲ, ಯಂತ್ರವಿರುವ ಮನೆಯಲ್ಲಿ ಹಚ್ಚುವಂತೆಯೂ ಇಲ್ಲ. ವಿಭೂತಿ ಹಚ್ಚಿಕೊಂಡು, ಅಂಗೈಯಲ್ಲಿ ಲಿಂಗ ಇಟ್ಟುಕೊಂಡು, ಮಗಳ ಎದೆಯನ್ನೇ ನೋಡುತ್ತ ಕೂರುತ್ತಾರೆ.

ಮಲಗುವ ಹೊತ್ತಿಗೆ ಮೊದಲಿನಂತೆಯೇ ಬಾಗಿಲಲ್ಲಿ ಬಂದು ನಿಲ್ಲುತ್ತಾರೆ. ಕೈ ಸ್ವಿಚ್ಚಿನ ಮೇಲಿರುತ್ತದೆ. “ಲೈಟ್…” ಎಂದು ಶುರು ಮಾಡುತ್ತಾರೆ. ‘ಆರಿಸಲೇನು’ ಎಂಬ ಮಾತು ಅವರ ಬಾಯಿಂದ ಎಂದೂ ಬಂದದ್ದಲ್ಲ. ‘ಶಾಂತ’ ಎನ್ನುವುದಕ್ಕೂ ಈಗ ಬಾಯಿ ಬರುವುದಿಲ್ಲ. ಆ ಮಾತನ್ನು ತೀರಿಹೋದವರಿಗೂ ಹೇಳುತ್ತಾರೆ.

“ಇರ್ಲಿಬೇ,” ಎನ್ನುತ್ತಾಳೆ ನನ್ನ ಹೆಂಡತಿ, ನಡುವೆ ಉಸಿರು ತೆಗೆದುಕೊಂಡು. “ಕಣ್ಣು ಮುಚ್ಚಿದ್ರಾತು.”

ಅತ್ತೆ ಕೈ ತೆಗೆಯುತ್ತಾರೆ. ನಮ್ಮ ಮನೆಯ ಆ ಬಲ್ಬು ಬೆಳಗಿನವರೆಗೂ ಉರಿಯುತ್ತಿರುತ್ತದೆ.