ನಾಲ್ಕು ಪೈಪುಗಳ ನಡುವಿನ ಹುಲ್ಲು

ಎಲೆಯ ತುದಿ ಚೂಪಾಗಿರುವುದಿಲ್ಲ. ಯಾರೋ ಮುಂಬಲ್ಲಿನಿಂದ ಕಚ್ಚಿ ಬಿಟ್ಟ ಹಾಗೆ ನಡುವೆ ಒಂದು ಕಚ್ಚು, ಅದರ ಎರಡು ಬದಿಗೆ ಎರಡು ಸಣ್ಣ ಹಲ್ಲು. ಎಲೆಯ ಅಗಲ ಒಣ ಶಾವಿಗೆಯ ಎಳೆಯಷ್ಟು. ಆ ಹಲ್ಲು ಕಾಣಬೇಕಾದರೆ ಒದ್ದೆ ಎಲೆಯನ್ನು ಹೆಬ್ಬೆರಳಿನ ಉಗುರಿನ ಮೇಲೆ ಅಂಟಿಸಿ ಬೆಳಕಿಗೆ ತಿರುಗಿಸಬೇಕು. ಹ್ಯೂಸ್ಟನ್‌ನಲ್ಲಿ ಓದುತ್ತಿದ್ದಾಗ ಎಷ್ಟೋ ಸಲ ಹಾಗೆ ಉಗುರು ನೋಡುತ್ತ ಮೊಣಕಾಲುದ್ದ ನೀರಿನಲ್ಲಿ ನಿಂತಿದ್ದೇನೆ. ದೂರದ ದೋಣಿಯಲ್ಲಿದ್ದವರು ನೇಲ್ ಪಾಲಿಶ್ ಒಣಗಿಸುತ್ತಿದ್ದಾಳೆ ಅಂದುಕೊಂಡಿರಬಹುದು.

ಅದು ಕಡಲಹುಲ್ಲು. ಪಾಚಿಯಲ್ಲ; ಬೇರು, ಎಲೆ, ಹೂವು ಎಲ್ಲ ಇದ್ದು ಉಪ್ಪುನೀರಿನೊಳಗೇ ಬದುಕುವ ಗಿಡ. ಬಿಸಿಲು ತಳ ಮುಟ್ಟುವಂಥ ಆಳವಿಲ್ಲದ ನೀರಿನಲ್ಲಿ ಮಾತ್ರ ಬೆಳೆಯುತ್ತದೆ. ಟೆಕ್ಸಸ್ ಕರಾವಳಿಯ ದಕ್ಷಿಣದಲ್ಲಿ ಅದರ ದೊಡ್ಡ ಬಯಲುಗಳು ಇನ್ನೂ ಇವೆ. ಉತ್ತರಕ್ಕೆ ಬಂದ ಹಾಗೆ ತೆಳುವಾಗುತ್ತ ಹೋಗಿ, ಹ್ಯೂಸ್ಟನ್ ಬಳಿಯ ಕೊಲ್ಲಿಯಲ್ಲಿ ಅಲ್ಲೊಂದು ಇಲ್ಲೊಂದು ಮೂಲೆಯಲ್ಲಿ ಉಳಿದಿದೆ. ಹಿಂದೆ ಹಾಗಿರಲಿಲ್ಲ. ವಿಮಾನದಿಂದ ತೆಗೆದ ಹಳೆಯ ಫೋಟೋಗಳಲ್ಲಿ ದಡದ ಉದ್ದಕ್ಕೂ ಕಾಡಿಗೆ ತೀಡಿದಂಥ ಗೆರೆಯಿದೆ. ಆಮೇಲಿನ ಫೋಟೋಗಳಲ್ಲಿ ಗೆರೆ ತುಂಡು ತುಂಡಾಗುತ್ತದೆ, ಕೊನೆಗೆ ಬರೀ ಬೂದು ನೀರು. ಊರು ನೆಲದಡಿಯ ನೀರೆತ್ತಿ ದಡ ಕುಸಿಯಿತು, ಚಂಡಮಾರುತ ಬಂತು, ಚರಂಡಿಯೂ ಕೆಸರೂ ನೀರನ್ನು ಕದಡಿದವು. ಮೊದಲ ವರ್ಷ ನನ್ನ ಕೆಲಸ ಆ ಗೆರೆ ಎಲ್ಲೆಲ್ಲಿ ಇತ್ತು ಎಂದು ಕಂಪ್ಯೂಟರಿನಲ್ಲಿ ಗುರುತು ಹಾಕುವುದಾಗಿತ್ತು. ಇಲ್ಲದಿರುವುದರ ನಕ್ಷೆ.

ಎರಡನೆಯ ವರ್ಷದ ವಸಂತದಲ್ಲಿ ನನಗೊಂದು ತುಂಡು ಜಾಗ ಸಿಕ್ಕಿತು. ಇನ್ನೂ ಬದುಕಿರುವ ಬಯಲಿನಿಂದ ಹುಲ್ಲಿನ ಎಳೆಗಳನ್ನು ತಂದು, ಬಾಗಿಸಿದ ತಂತಿಯಿಂದ ಒಂದೊಂದನ್ನೇ ಕೆಸರಿಗೆ ಚುಚ್ಚಿ, ನಾಲ್ಕು ಮೂಲೆಗೆ ಬಿಳಿ ಪೈಪು ನೆಟ್ಟೆವು. ನನ್ನ ಗೈಡ್ ಸ್ಪಷ್ಟವಾಗಿ ಹೇಳಿದ್ದರು: ಚಳಿಗಾಲಕ್ಕೆ ಮುಂಚಿನ ಸಮೀಕ್ಷೆಯಲ್ಲಿ ಹುಲ್ಲು ಉಳಿದಿದ್ದರೆ ದೊಡ್ಡದಾಗಿ ನೆಡೋಣ, ಇಲ್ಲದಿದ್ದರೆ ಈ ಜಾಗ ಬಿಟ್ಟುಬಿಡೋಣ. ಬಿಟ್ಟರೆ ನಾನು ಮತ್ತೆ ಫೋಟೋಗಳಿಗೆ ವಾಪಸು.

ಆ ಕೆಲಸಕ್ಕೆ ಇಬ್ಬರು ಬೇಕು. ಚೌಕಟ್ಟೊಂದನ್ನು ತಳಕ್ಕೆ ಇಳಿಸಿ, ಅದರೊಳಗೆ ನೂರಕ್ಕೆ ಎಷ್ಟು ಪಾಲು ಹುಲ್ಲಿದೆ ಎಂದು ಇಬ್ಬರೂ ಕಣ್ಣಳತೆಯಲ್ಲಿ ಅಂದಾಜು ಮಾಡಿ, ಒಟ್ಟಿಗೆ ಹೇಳಬೇಕು. ಬೇಸಿಗೆಯಲ್ಲಿ ನನ್ನ ಜೊತೆಗಾತಿ ಮದುವೆಯಾಗಿ ದೂರದ ಲಿಯಾಂಡರ್ ಊರಿಗೆ ಶಿಫ್ಟ್ ಆದಳು. ಆಮೇಲೆ ನಾನೇ ಒಮ್ಮೆ ನೋಡಿ ಒಂದು ಅಂಕಿ ಹೇಳಿ, ಬೆನ್ನು ತಿರುಗಿಸಿ ಸ್ವಲ್ಪ ಹೊತ್ತು ದಡ ನೋಡಿ, ಮತ್ತೆ ಬಗ್ಗಿ ಇನ್ನೊಂದು ಅಂಕಿ ಹೇಳುತ್ತಿದ್ದೆ. ಜೋರಾಗಿಯೇ. ಎಷ್ಟೋ ಭಾನುವಾರ ನಾನು ಬಾಯಿ ತೆರೆದು ಆಡಿದ ಮಾತು ಅಷ್ಟೇ ಆಗಿರುತ್ತಿತ್ತು.

ಅಮ್ಮನ ತಂಗಿ, ನನ್ನ ಮಾವಶಿ, ಹ್ಯೂಸ್ಟನ್ ಪಕ್ಕದ ಫುಲ್‌ಶೀರ್‌ನಲ್ಲಿದ್ದರು. ಧಾರವಾಡ ಬಿಟ್ಟು ಇಪ್ಪತ್ತು ವರ್ಷವಾದರೂ ಆ ಮನೆಯ ಮಾತು ಬದಲಾಗಿರಲಿಲ್ಲ. ಹಬ್ಬಕ್ಕೆ ಹೋದರೆ ಮಾವಶಿಯ ಗಂಡ, ಕಾಕಾ, ಬಾಗಿಲಲ್ಲೇ ಕೂಗುತ್ತಿದ್ದರು: "ಹುಲ್ಲಿನ ಡಾಕ್ಟರ್ ಬಂದ್ರು, ಎಲ್ಲಾರೂ ಎದ್ದು ನಿಲ್ರಿ! ನಮ್ಮ ಲಾನ್ ಹಳದಿ ಬಿದ್ದದ, ಏನರೆ ಔಷಧ ಬರದು ಕೊಡವಾ."

"ಅದು ಬೇರೆ ಹುಲ್ಲು, ಕಾಕಾ."

"ಹಲ್ಲಿನ ಡಾಕ್ಟರ್ ನೆಗಡಿಗೆ ಗುಳಿಗಿ ಕೊಡಂಗಿಲ್ಲೇನು?"

ಎಲ್ಲರೂ ನಗುತ್ತಿದ್ದರು, ನಾನೂ. ಆದರೆ ಆ ಹುಲ್ಲು ಹೇಗಿದೆ ಎಂದು ಅಲ್ಲಿ ಯಾರೂ ಕೇಳಿದ್ದಿಲ್ಲ. ಮಾವಶಿ ಮಾತ್ರ ಒಮ್ಮೆ ಬೇರೆ ಏನೋ ಕೇಳಿದ್ದರು: "ನೀ ಒಬ್ಬಾಕಿನ ನೀರಾಗ ಇಳೀತಿ. ಏನರೆ ಆದ್ರ ಎಲ್ಲಿ ಅಂತ ಹುಡುಕೂಣು? ಲೊಕೇಶನ್ ಆದ್ರೂ ಕಳಸು." ಕಳಿಸಿದ್ದೆ. ನನ್ನ ಜಾಗ ಇನ್ನೊಬ್ಬರ ಫೋನಿನಲ್ಲಿದೆ ಎಂಬುದೇ ಒಂದು ಸಮಾಧಾನವಾಗಿತ್ತು.

ಆ ವರ್ಷದ ಚೌತಿಗೆ ನಾನು ಹೋಗಲಿಲ್ಲ. ಫೀಲ್ಡ್ ಕೆಲಸವಿದೆ ಎಂದು ಮೆಸೇಜ್ ಮಾಡಿದ್ದೆ. ಅದು ಅರ್ಧ ನಿಜ. ಭಾನುವಾರ ಮಧ್ಯಾಹ್ನ ಕೊಲ್ಲಿಯ ದಡಕ್ಕೆ ಬಂದಾಗ, ಯಾವತ್ತೂ ನನ್ನ ಕಾರೊಂದೇ ನಿಲ್ಲುತ್ತಿದ್ದ ಕಡೆ ಮೂರು ಕಾರುಗಳಿದ್ದವು. ಗಾಳಿಯಲ್ಲಿ ಕನ್ನಡ ಕೇಳಿಸಿತು. ನನಗೆ ಮೊದಲು ಆದದ್ದು ಖುಷಿ, ಅದನ್ನು ಹೇಳಲೇಬೇಕು. ಎಷ್ಟೋ ಭಾನುವಾರ ನಾನೊಬ್ಬಳೇ ನಿಂತ ನೀರಿನಲ್ಲಿ ಜನ ನಿಂತಿದ್ದರು.

ಆಮೇಲೆ ಅವರು ನಿಂತದ್ದು ಎಲ್ಲಿ ಎಂದು ಕಂಡಿತು. ನಾಲ್ಕೂ ಪೈಪುಗಳಿಗೆ ಚೆಂಡುಹೂವಿನ ಮಾಲೆ ಸುತ್ತಿತ್ತು. ನಡುವೆ ಕಾಕಾ, ಪ್ಯಾಂಟು ಮಡಚಿಕೊಂಡು, ಬಣ್ಣ ಹಚ್ಚದ ಮಣ್ಣಿನ ಗಣಪನನ್ನು ನೀರಿಗೆ ಇಳಿಸಿ ಆಗಿತ್ತು. ಸುತ್ತ ಏಳೆಂಟು ಜನ, ಒಬ್ಬೊಬ್ಬರಿಗೂ ಎರಡೆರಡು ಕಾಲು. ನೀರು ಚಹಾದ ಬಣ್ಣಕ್ಕೆ ತಿರುಗಿತ್ತು.

"ಬಾರವಾ, ಬಾ! ಸರ್‌ಪ್ರೈಸ್!" ಕಾಕಾ ಕೂಗಿದರು. "ಪ್ರತಿ ವರ್ಷ ಬಕೆಟ್‌ನಾಗ ಮುಳುಗಿ ಗಣಪ್ಪಗೂ ಸಾಕಾಗಿತ್ತು. ನೋಡಿದ್ರ ನೀ ನಾಲ್ಕು ಕಂಬ ನೆಟ್ಟು ಮಂಟಪ ರೆಡಿ ಮಾಡಿಟ್ಟೀದಿ!"

ದಡದಲ್ಲಿ ಡಬ್ಬಿ ಬಿಚ್ಚುತ್ತಿದ್ದ ಮಾವಶಿ ನನ್ನನ್ನೇ ನೋಡಿದರು. "ನೀ ಹಬ್ಬಕ್ಕ ಬರಲಿಲ್ಲ, ಅದಕ್ಕ ಹಬ್ಬನ ನಿನ್ನ ಕಡೆ ತಂದೀವಿ. ಯಾಕವಾ, ಮಾರಿ ಸಣ್ಣ ಆಗೇದಲ್ಲ?"

"ಬಿಸಿಲು, ಮಾವಶಿ."

ಮೇಲೆ ಬನ್ನಿ ಎಂದು ಒಂದು ಮಾತು ಹೇಳಬಹುದಿತ್ತು. ಆದರೆ ಆಗಬೇಕಾದ್ದು ಆಗಿಹೋಗಿತ್ತು. ಅವರು ಒಂದೂವರೆ ಗಂಟೆ ಡ್ರೈವ್ ಮಾಡಿ ಬಂದದ್ದು ನನಗಾಗಿ. ನಾನು ಕೂತು ಕಡುಬು ತಿಂದೆ.

ಆಗ ಕಾಕಾನ ತಮ್ಮನ ಮಗಳು, ಕಾಪೆಲ್‌ನಿಂದ ಅಪ್ಪ ಅಮ್ಮನ ಜೊತೆ ಬಂದಿದ್ದ ಎಂಟು ವರ್ಷದ ಹುಡುಗಿ, ನೀರಿನಿಂದ ಓಡಿ ಬಂದಳು. ಅವಳ ಮುಷ್ಟಿಯಲ್ಲಿ ಹುಲ್ಲು. "ಅಕ್ಕಾ, ಐ ಫೌಂಡ್ ಗರಿಕೆ ಫಾರ್ ಗಣಪ! ಇಟ್ ವಾಸ್ ಇನ್ ಹಿಸ್ ಹೌಸ್!"

"ಜಾಣಿ ಅದಾಳ ನೋಡು," ಅಂದರು ಮಾವಶಿ. "ಬೆಳಿಗ್ಗೆ ಪೂಜಾದಾಗ ಹೇಳಿಕೊಟ್ಟಿದ್ದೆ, ಗಣಪ್ಪಗ ಗರಿಕೆ ಅಂದ್ರ ಪ್ರೀತಿ ಅಂತ."

ನಾನು ಕೈ ಚಾಚಿದೆ, ಹುಡುಗಿ ಕೊಟ್ಟಳು. ಒಂದೆಳೆಯನ್ನು ಉಗುರಿನ ಮೇಲೆ ಇಟ್ಟು ನೋಡಿದೆ, ಎರಡು ಹಲ್ಲು. ಆಮೇಲೆ ಬುಡ ನೋಡಿದೆ. ನಾವು ನೆಟ್ಟದ್ದು ಗಿಡ್ಡ ತುಂಡುಗಳು, ಒಂದೊಂದಕ್ಕೆ ಒಂದೆರಡು ಚಿಗುರು. ಇದು ನನ್ನ ಮೊಳಕೈ ಉದ್ದದ ಬೇರುಕಾಂಡ, ಗಂಟು ಗಂಟಿಗೂ ಹೊಸ ಚಿಗುರು, ತುದಿ ಇನ್ನೂ ಬೆಳ್ಳಗೆ. ತಂತಿಯಿಂದ ದೂರ, ತಾನೇ ಹರಡಿ ಹೋದದ್ದು. ಹುಲ್ಲು ಅಲ್ಲಿ ಹಬ್ಬುತ್ತಿತ್ತು. ಆರು ತಿಂಗಳು ನಾನು ತಿಳಿಯಬೇಕೆಂದಿದ್ದ ಸಂಗತಿ ಕಿತ್ತ ಮೇಲೆ ಕೈಗೆ ಬಂದಿತ್ತು.

"ಈಸ್ ಇಟ್ ದಿ ರೈಟ್ ಒನ್?" ಹುಡುಗಿ ಕೇಳಿದಳು.

"ಹೌದು," ಅಂದೆ. "ಇದು ಒಳ್ಳೆಯದು. ನನ್ನ ಹತ್ತಿರ ಇರಲಿ?"

ಅವಳು ತಲೆಯಾಡಿಸಿದಳು. ಕಾರಿನಲ್ಲಿದ್ದ ಕೂಲರ್ ಪೆಟ್ಟಿಗೆಗೆ ಕೊಲ್ಲಿಯ ನೀರು ತುಂಬಿ ಅದರಲ್ಲಿ ಹಾಕಿದೆ. ಸಂಜೆಗೆ ಮುಂಚೆ ಎಲ್ಲರೂ ಹೊರಟರು. ಮುಂದಿನ ವರ್ಷವೂ ಇಲ್ಲೇ ಎಂದು ಕಾಕಾ ಕಾರಿನಿಂದ ಕೈ ಬೀಸಿದರು.

ಚಳಿಗಾಲಕ್ಕೆ ಮುಂಚಿನ ಆ ಸಮೀಕ್ಷೆಯಲ್ಲಿ ತುಂಡಿನ ನಡುಭಾಗ ಬೋಳಾಗಿತ್ತು. ಅದಕ್ಕೆ ಮುಂಚಿನ ವಾರಗಳಲ್ಲಿ ಮಳೆನೀರು ಬಂದು ಕೊಲ್ಲಿಯೆಲ್ಲ ಕೆಂಪಾಗಿತ್ತು; ಕೊಂದದ್ದು ಕಾಲುಗಳೋ ಕೆಸರೋ, ನನ್ನ ಕಣ್ಣಿಗೆ ಬೇರ್ಪಡಿಸಲು ಬರುವುದಿಲ್ಲ. ನಡೆದದ್ದನ್ನೆಲ್ಲ ಗೈಡ್‌ಗೆ ಹೇಳಿದೆ. ಅವರು ಕೇಳಿಸಿಕೊಂಡು, ಜಾಗ ಬಿಟ್ಟುಬಿಡೋಣ ಅಂದರು. ನಾನು ಈಗ ಆಸ್ಟಿನ್‌ನ ಒಂದು ಕಚೇರಿಯಲ್ಲಿ ಉಪಗ್ರಹದ ಚಿತ್ರಗಳ ಮೇಲೆ ಗೆರೆ ಎಳೆಯುತ್ತೇನೆ. ಮಾವಶಿಗೆ ಹೇಳಿಲ್ಲ. ಜಾಗ ಬದಲಾಯಿತು, ಅಲ್ಲಿ ಈಗ ಇಳಿಯಲು ಬಿಡುವುದಿಲ್ಲ ಎಂದಷ್ಟೇ ಹೇಳಿದೆ.

ಆದರೆ ಆ ಭಾನುವಾರದ ಮರುದಿನ ಬೆಳಿಗ್ಗೆ ಇದಾವುದೂ ಗೊತ್ತಿರಲಿಲ್ಲ. ಬೆಳಕು ಹರಿಯುವಾಗ ಮತ್ತೆ ದಡದಲ್ಲಿದ್ದೆ. ನೀರು ತಿಳಿಯಾಗಿತ್ತು, ತಳದಲ್ಲಿ ಹೆಜ್ಜೆಗಳು ಒಂದೊಂದೂ ಸ್ಪಷ್ಟವಾಗಿ ಕಾಣುತ್ತಿದ್ದವು. ಪೈಪುಗಳಿಂದ ಮಾಲೆ ಬಿಚ್ಚಿ ಚೀಲಕ್ಕೆ ಹಾಕಿದೆ. ಗಣಪ ಇನ್ನೂ ಪೂರ್ತಿ ಕರಗಿರಲಿಲ್ಲ. ಸೊಂಡಿಲು ಹೋಗಿತ್ತು, ಹೊಟ್ಟೆ ಉಳಿದಿತ್ತು. ಎರಡೂ ಕೈಯಲ್ಲಿ ಎತ್ತಿಕೊಂಡು ಹುಲ್ಲಿಲ್ಲದ ಆಳದ ಕಡೆ ನಡೆದು, ಎದೆಮಟ್ಟದ ನೀರಿನಲ್ಲಿ ನಿಂತೆ. ಮೂರು ಸಲ ಮುಳುಗಿಸಬೇಕೆಂದು ನೆನಪಾಗಿ ಹಾಗೇ ಮಾಡಿ, ಬಿಟ್ಟೆ. ವಾಪಸು ಬಂದು ಹುಡುಗಿ ಕಿತ್ತ ಬೇರುಕಾಂಡವನ್ನು ತಂತಿಯಿಂದ ಕೆಸರಿಗೆ ಚುಚ್ಚಿದೆ. ಚೌಕಟ್ಟು ಇಳಿಸಿ, ನೋಡಿ, ಅಂಕಿ ಹೇಳಿದೆ. ಬೆನ್ನು ತಿರುಗಿಸಿ ನಿಂತೆ. ಹಿಂದಿನ ದಿನ ಕಾರುಗಳಿದ್ದ ಜಾಗದಲ್ಲಿ ಒಂದು ಬೆಳ್ಳಕ್ಕಿ ಏನನ್ನೋ ಹೆಕ್ಕುತ್ತಿತ್ತು. ಮತ್ತೆ ಬಗ್ಗಿ ಇನ್ನೊಂದು ಅಂಕಿ ಹೇಳಿದೆ. ಎರಡೂ ಹೊಂದಲಿಲ್ಲ. ಕಡಿಮೆ ಇದ್ದದ್ದನ್ನು ಬರೆದುಕೊಂಡು, ಕಾರಿನಲ್ಲಿ ಬಟ್ಟೆ ಬದಲಿಸಿ, ಸೋಮವಾರದ ಕ್ಲಾಸಿಗೆ ಹೊರಟೆ.