ಮಾತಿಗೊಂದು ಸ್ಟಾರ್

ನಮ್ಮ ಮನೆಯ ಬೀರುವಿನ ಬಾಗಿಲಿಗೆ ಒಂದು ಚಾರ್ಟ್ ಅಂಟಿಸಿದ್ದೇವೆ. ಮೊಮ್ಮಗಳು ಪವಿತ್ರ ತಾನಾಗಿ ಯಾರ ಜೊತೆಗಾದರೂ ಮಾತಾಡಿದರೆ ಅದರಲ್ಲಿ ಒಂದು ಸ್ಟಾರ್. ಮಾತೇ ಬಿಟ್ಟಿದ್ದ ಎಂಟು ವರ್ಷದ ಹುಡುಗಿ ಈಗ ಅರಳು ಹುರಿದಂತೆ ಮಾತಾಡುತ್ತಾಳೆ. ಬೀದಿಯವರೆಲ್ಲ ಬಂದು ನೋಡಿ ಖುಷಿಪಟ್ಟು ಹೋಗುತ್ತಾರೆ. ನಾನು ಮಾತ್ರ ದಿನಾ ಬೆಳಗ್ಗೆ ಎದ್ದು, ಇವತ್ತೊಂದು ದಿನ ಇವಳು ಸುಮ್ಮನಿದ್ದರೆ ಸಾಕಪ್ಪ ಎಂದು ಬೇಡಿಕೊಳ್ಳುತ್ತೇನೆ.

ಹುಚ್ಚು ಅನ್ನಿಸಿತಾ? ಮೊದಲಿಂದ ಹೇಳುತ್ತೇನೆ.

ನನ್ನನ್ನು ನೀವು ಬಲ್ಲಿರಿ. ಆರನೇ ಕ್ಲಾಸಿಗೆ ಸ್ಕೂಲು ಬಿಟ್ಟು ಹಿರಿಯೂರಿನ ಮಂಡಿಯಲ್ಲಿ ತೆಂಗಿನಕಾಯಿ ಸುಲಿಯಲು ಕೂತವನು. ಈಗ ಮಂಡಿ ನನ್ನದೇ. (ಇದನ್ನು ಈ ಅಂಕಣದಲ್ಲಿ ವಾರಕ್ಕೊಂದು ಸಲ ಬರೆಯುತ್ತೀರಲ್ಲ ಅಂತ ಪತ್ರಿಕೆಯ ಸಂಪಾದಕರು ನಗುತ್ತಾರೆ. ಬರೆಯುತ್ತೇನೆ. ಸುಲಿದವನು ನಾನು.) ನನಗೆ ಗೊತ್ತಿರುವ ಲೆಕ್ಕ ಒಂದೇ. ನೂರು ಕಾಯಿ ಸುಲಿದರೆ ಗೋಡೆಯ ಮೇಲೆ ಇದ್ದಿಲಿನಲ್ಲಿ ಒಂದು ಗೆರೆ. ಗೆರೆ ಬಿತ್ತಾ, ಕೆಲಸ ಆಯಿತು.

ಕೆಲವು ತಿಂಗಳ ಹಿಂದೆ ಸೊಸೆ ತೀರಿಕೊಂಡಳು. ಜ್ವರ ಅಂತ ಚಿತ್ರದುರ್ಗದ ಆಸ್ಪತ್ರೆಗೆ ಸೇರಿಸಿದೆವು, ಐದನೇ ದಿನ ಹೆಣ ತಂದೆವು. ಮಕ್ಕಳು ಹೆಣ ನೋಡಬಾರದು ಅಂತ ಪವಿತ್ರಳನ್ನು ಹೊಸದುರ್ಗದಲ್ಲಿರುವ ನನ್ನ ಮಗಳ ಮನೆಗೆ ಕಳಿಸಿದ್ದೆವು. ತಿಥಿ ಮುಗಿದ ಮೇಲೆ ಬಂದವಳು ಅಮ್ಮ ಎಲ್ಲಿ ಅಂದಳು. ಅವಳಪ್ಪ, ನನ್ನ ಮಗ ತಿಪ್ಪೇಶ, ನೆಲ ನೋಡಿದ. ನಾನೇ ಹೇಳಿದೆ.

"ಆಸ್ಪತ್ರೇಲೇ ಅವ್ಳೆ ಕಣವ್ವ. ವಾಸಿ ಆದ್ಮೇಲೆ ಕರ್ಕಂಬರಾಣ."

ಹಾರ ಹಾಕಿದ ಫೋಟೊವನ್ನು ಮಂಡಿಗೆ ಒಯ್ದು ಚೀಲಗಳ ಹಿಂದೆ ಇಟ್ಟೆ. ಮಗುವಿನ ಮುಂದೆ ಬಾಯಿ ಬಿಡಬೇಡಿ ಅಂತ ಬೀದಿಯವರಿಗೂ ಹೇಳಿದೆ.

ಆಸ್ಪತ್ರೆಗೆ ಹೋಗಾಣ ಅಂತ ಹದಿನೈದು ದಿನ ಕೇಳಿದಳು. ನಾಳೆ, ನಾಳೆ ಅಂದೆವು. ಆಮೇಲೆ ಕೇಳುವುದನ್ನು ಬಿಟ್ಟಳು. ಅದರ ಜೊತೆಗೇ ಮಾತನ್ನೂ ಬಿಟ್ಟಳು.

ಸ್ಕೂಲಿನ ಟೀಚರ್ ಹೇಳಿ ಒಬ್ಬ ಸೋಷಿಯಲ್ ವರ್ಕರ್ ಮೇಡಂ ಮನೆಗೆ ಬಂದರು. ಚಿಕ್ಕ ವಯಸ್ಸು, ದೊಡ್ಡ ಬ್ಯಾಗು. ಥೆರಪಿ ಅಂದರೆ ಒಂದೇ ಅಲ್ಲ, ದಾರಿ ಬೇರೆ ಬೇರೆ ಇವೆ ಅಂದರು. ಮಗುವನ್ನು ಗೊಂಬೆಗಳ ಜೊತೆ ಆಡಲು ಬಿಟ್ಟು, ಮನಸ್ಸಿನಲ್ಲಿರುವುದು ಆಟದಲ್ಲಿ ಹೊರಗೆ ಬರುವವರೆಗೆ ಕಾಯುವುದು ಒಂದು. ಮನೆಮಂದಿಯೆಲ್ಲ ಒಟ್ಟಿಗೆ ಕೂತು ಹೋದವಳ ಬಗ್ಗೆ ಮಾತಾಡುವುದು, ಅಳು ಬಂದರೆ ಅಳುವುದು ಇನ್ನೊಂದು. ಇಲ್ಲದಿದ್ದರೆ ಮಾತಿಗೊಂದು ಸ್ಟಾರ್.

"ಯಾವ್ದು ಬೇಗ ಆಗುತ್ತೆ ಮೇಡಂ?"

"ಬೇಗ ಅನ್ನೋದು ಬಿಡ್ರಿ ಯಜಮಾನ್ರೆ. ಮೊದ್ಲು ಒಂದು ಹೇಳ್ರಿ. ತಾಯಿ ಇಲ್ಲ ಅನ್ನೋದು ಮಗೂಗೆ ಗೊತ್ತೈತಾ?"

ತಿಪ್ಪೇಶ ಬಾಯಿ ತೆರೆದ. ಆದರೆ ನಮ್ಮ ಮನೆಯಲ್ಲಿ ಹೊರಗಿನವರು ಏನೇ ಕೇಳಿದರೂ ಉತ್ತರ ಕೊಡುವವನು ಹಿರಿಯ.

"ಗೊತ್ತೈತೆ," ಅಂದೆ.

ಯಾಕೆ ಹಾಗಂದೆ? ಮೊಮ್ಮಗಳಿಗೆ ಸುಳ್ಳು ಹೇಳಿ ಕೂತಿದ್ದೇನೆ ಅಂತ ಆ ಹುಡುಗಿಯ ಮುಂದೆ ಹೇಗೆ ಒಪ್ಪಿಕೊಳ್ಳಲಿ? ಬೋರ್‌ವೆಲ್ ಮೋಟಾರ್ ಸುಟ್ಟರೆ ಮೆಕ್ಯಾನಿಕ್ ಹತ್ತಿರ ನಾವು ಏನನ್ನೂ ಮುಚ್ಚಿಡುವುದಿಲ್ಲ. ವೋಲ್ಟೇಜ್ ಇಲ್ಲದಾಗ ಓಡಿಸಿದ್ದನ್ನೂ ಹೇಳುತ್ತೇವೆ. ಮಗುವಿನ ವಿಷಯಕ್ಕೆ ಬಂದರೆ ಮಾತ್ರ ಮನೆ ಮರ್ಯಾದೆ ಅಡ್ಡ ಬರುತ್ತದೆ.

ನಾನು ಸ್ಟಾರ್ ಆರಿಸಿದೆ. ಕಾಯಿಗೆ ಗೆರೆ, ಮಾತಿಗೆ ಸ್ಟಾರ್. ನನಗೆ ಅರ್ಥವಾದದ್ದು ಅದೊಂದೇ. "ಇದೊಂದರಿಂದ್ಲೇ ಆಗಲ್ಲ, ಎಲ್ರೂ ಕೂತು ಮಾತಾಡೋದೂ ಬೇಕು," ಅಂದರು ಮೇಡಂ. ಕೂರಾಣ ಅಂದೆ. ಕೂರಲಿಲ್ಲ.

ಮೂರನೇ ದಿನ ಪವಿತ್ರ "ನೀರು" ಅಂದಳು. ಅಂಟಿಸಿದೆ ಸ್ಟಾರ್. ನಮ್ಮಾಕೆ ಕಣ್ಣೊರೆಸಿಕೊಂಡಳು.

"ನೋಡ್ದೇನೇ, ಗೊಂಬೆ ಇಟ್ಕಂಡು ಕುಂತಿದ್ರೆ ಆಗ್ತಿತ್ತಾ?"

"ನಿಮ್ದೇ ಬುದ್ಧಿ ಬಿಡ್ರಿ. ಮಗೂನೂ ಮಂಡಿಗೆ ಸೇರಿಸ್ಕಂಡ್ರಿ."

ಇಪ್ಪತ್ತು ಸ್ಟಾರ್ ಆದ ದಿನ ಊಟಕ್ಕೆ ಕೂತಿದ್ದೆ. ಹುಡುಗಿ ಬಂದು ಪಕ್ಕದಲ್ಲಿ ನಿಂತಳು.

"ತಾತ, ಎಷ್ಟು ಸ್ಟಾರ್ ಆದ್ರೆ ಅಮ್ಮನ್ನ ಕಳಿಸ್ತಾರೆ?"

ಬಾಯಲ್ಲಿ ಮುದ್ದೆ ಇತ್ತು. ನುಂಗಿದೆ. ನಲವತ್ತು ವರ್ಷದಿಂದ ನಾಲಿಗೆಗೆ ಅಂಟಿಕೊಂಡಿದ್ದ ಮಾತು ತಾನೇ ಹೊರಗೆ ಬಿತ್ತು.

"ನೂರು."

ಅವತ್ತಿನಿಂದ ಅವಳ ಬಾಯಿಗೆ ಬಿಡುವಿಲ್ಲ. ಹಾಲಿನವನ ಜೊತೆ ಮಾತು, ಪಕ್ಕದ ಮನೆಯ ಸಾಬರ ಅಜ್ಜಿಯ ಜೊತೆ ಮಾತು, ಮೇಕೆಯ ಜೊತೆಯೂ ಮಾತು. (ದಿನಕ್ಕೆ ಐದೇ ಸ್ಟಾರ್, ಮೇಕೆಯ ಜೊತೆ ಆಡಿದ್ದು ಲೆಕ್ಕಕ್ಕಿಲ್ಲ ಅಂತ ರೂಲ್ ಮಾಡಿದೆ. ಅಷ್ಟಾದರೂ ತಡವಾಗಲಿ ಅಂತ.)

ಹೋದ ವಾರ ಮೇಡಂಗೆ ಎಲ್ಲ ಹೇಳಿಬಿಟ್ಟೆ. ಬೈಯುತ್ತಾರೆ ಅಂದುಕೊಂಡಿದ್ದೆ. ಬೈಯಲಿಲ್ಲ. ಚಾರ್ಟಿನ ಸ್ಟಾರ್‌ಗಳನ್ನು ಒಂದೊಂದಾಗಿ ಎಣಿಸಿದರು.

"ಮೊದ್ಲೇ ಹೇಳಿದ್ರೆ ಇದನ್ನ ಬ್ಯಾಗಿಂದ ತೆಗೀತಾನೇ ಇರ್ಲಿಲ್ಲ ಯಜಮಾನ್ರೆ. ನೂರಾಗೋ ಮುಂಚೆ ನೀವೇ ಹೇಳ್ಬೇಕು. ನಾನು ಪಕ್ಕದಲ್ಲಿ ಕುಂತಿರ್ತೀನಿ."

"ಹೇಳಿದ್ಮೇಲೆ ಮತ್ತೆ ಮಾತು ಬಿಟ್ರೆ?"

"ಬಿಡಬೋದು. ಆದ್ರೆ ನೂರಾದ ದಿನ ಗೊತ್ತಾದ್ರೆ ನಿಮ್ಮನ್ನ ನಂಬೋದನ್ನೂ ಬಿಡ್ತಾಳೆ."

ಎರಡು ಸಲ ಅವಳನ್ನು ಎದುರಿಗೆ ಕೂರಿಸಿಕೊಂಡೆ. ಎರಡು ಸಲವೂ ಕಾಯಿ ಲೋಡು ಬಂತು ಅಂತ ಎದ್ದು ಹೋದೆ. ಲೋಡು ಬಂದಿರಲಿಲ್ಲ. ಚೀಲಗಳ ಹಿಂದಿನ ಫೋಟೊದ ಧೂಳು ಒರೆಸಿ ವಾಪಸ್ ಬಂದೆ.

ಇದನ್ನು ಬರೆಯುತ್ತಿರುವಾಗ ಒಳಗಿನಿಂದ ಅವಳ ದನಿ ಕೇಳುತ್ತಿದೆ. ಅಮ್ಮನ ಹಸಿರು ಸೀರೆ ತೆಗೆದಿಡು ಅಂತ ಅಜ್ಜಿಗೆ ಹೇಳುತ್ತಿದ್ದಾಳೆ. ಆಸ್ಪತ್ರೆಯಿಂದ ಬರುವಾಗ ಉಡೋಕೆ ಬೇಕಂತೆ.

ಆ ಮಾತಿಗೂ ನಾನೊಂದು ಸ್ಟಾರ್ ಅಂಟಿಸಬೇಕು. ಅದು ತೊಂಬತ್ತೇಳನೆಯದು.